ಏಳು ಬಾಗಿಲು ಕಳಚಿದ ಮನೆ

ಮಾರ್ಚ್ 4

ಅಪ್ಪಾ,

ಸುಖವಾಗಿ ತಲುಪಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಕ್ಕದ ಹೆಂಗಸಿನ ಹೆಗಲ ಮೇಲೆ ನಾನು ನಿದ್ದೆ ಮಾಡಿದೆ, ನನ್ನ ತಲೆಯ ಮೇಲೆ ಆಕೆ. ಇಳಿಯುವಾಗ ಇಬ್ಬರಿಗೂ ಕುತ್ತಿಗೆ ಹಿಡಿದಿತ್ತು.

ಸಿನಿಮಾದ ಮನೆಯನ್ನು ಮುಚ್ಚಿಹೋದ ಒಂದು ಗಾಜಿನ ಕಾರ್ಖಾನೆಯೊಳಗೆ ಕಟ್ಟುತ್ತಿದ್ದೇವೆ. ಬಡಗಿಗಳು ಐವರು, ಅವರಿಗೆಲ್ಲ ನಾನೇ ಮೇಸ್ತ್ರಿ. ಮೊದಲ ದಿನ ಅವರಲ್ಲಿ ಹಿರಿಯರೊಬ್ಬರು ನನ್ನನ್ನು ನೋಡಿ, "ಮೇಸ್ತ್ರಿ ಯಾವಾಗ ಬರ್ತಾರಮ್ಮ?" ಎಂದು ಕೇಳಿದರು. "ಬಂದು ಅರ್ಧ ಗಂಟೆ ಆಯ್ತು, ನಿಮ್ಮನ್ನೇ ಕಾಯ್ತಿದೀನಿ" ಎಂದೆ. ಆಮೇಲೆ ಸರಿಹೋದರು.

ನಮ್ಮ ಫೋನುಗಳನ್ನೆಲ್ಲ ನಿರ್ದೇಶಕಿ ಒಂದು ತಗಡಿನ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದಾರೆ. ಭಯದ ಸಿನಿಮಾ ತೆಗೆಯುವ ಜಾಗಕ್ಕೆ ಹೊರಗಿನ ಗಾಳಿ ತಾಗಬಾರದಂತೆ. ಹಾಗಾಗಿ ಕಾಗದವೇ ಗತಿ. ಶನಿವಾರ ವ್ಯಾನು ಪೇಟೆಗೆ ಹೋಗುತ್ತದೆ.

ಒಂದು ಸಂದೇಹ ಕೇಳಬೇಕಿತ್ತು. ನನಗೊಂದು ಮುಂಬಾಗಿಲು ಬೇಕು. ನೋಡಲು ನೂರು ವರ್ಷದ ಗಟ್ಟಿ ಬಾಗಿಲಿನಂತಿರಬೇಕು, ಕೊಡಲಿಯ ಮೂರನೇ ಏಟಿಗೆ ಸೀಳಬೇಕು. ಎರಡಕ್ಕೇ ಸೀಳಿದರೆ ಭಯ ಹುಟ್ಟುವುದಿಲ್ಲ, ನಾಲ್ಕಕ್ಕೆ ಹೋದರೆ ನಟರ ಸೊಂಟ ಉಳಿಯುವುದಿಲ್ಲ. ನಾನು ಮಾಡಿದ ಎರಡೂ ಬಾಗಿಲು ಮೊದಲ ಏಟಿಗೇ ಹೋಳಾದವು.

ಕಥೆ ಏನು ಅಂತ ಅಮ್ಮ ಕೇಳಿದರೆ, ಒಂದು ಕುಟುಂಬದ್ದು ಅಂತಷ್ಟೇ ಹೇಳಿ.

ನಿಮ್ಮ ಕೈಕೆಳಗೇ ಕಲಿತ,
ಚಕ್ಕೆ

ಮಾರ್ಚ್ 13

ಚಕ್ಕೆ,

ಕಾಗದ ಬಂತು. ನಿಮ್ಮಮ್ಮ ಎರಡು ಸಲ ಓದಿ, "ಊಟದ ವಿಷಯ ಒಂದು ಸಾಲೂ ಇಲ್ಲ" ಎಂದು ಆಕ್ಷೇಪ ತೆಗೆದಳು. ಮುಂದಿನ ಸಲ ಬರೆ, ನನಗೆ ನೆಮ್ಮದಿ.

ಬಾಗಿಲ ವಿಷಯದಲ್ಲಿ ತಪ್ಪು ನಿನ್ನ ಕೈಯದಲ್ಲ, ಮರದ್ದು. ಚೆನ್ನಾಗಿ ಒಣಗಿದ ಹಗುರ ಮರ ತೆಗೆದುಕೊಂಡಿರುತ್ತೀಯ, ಅದು ಬೈದರೂ ಸೀಳುತ್ತದೆ. ಸ್ವಲ್ಪ ಹಸಿ ಉಳಿದಿರುವ ಹಲಗೆ ನೋಡು. ಹಿಂಬದಿಯಿಂದ ಮುಕ್ಕಾಲು ಆಳಕ್ಕೆ ಗರಗಸದಲ್ಲಿ ಗೀರು ಎಳೆ. ನಡುವೆ ಎರಡು ಬೆರಳಗಲ ಮಾತ್ರ ಗೀರು ಹಾಕದೆ ಬಿಡು, ಮೊದಲ ಎರಡು ಏಟನ್ನು ಅದು ತಡೆಯುತ್ತದೆ. ಗೀರಿನೊಳಗೆ ಮೇಣಕ್ಕೆ ಮರದ ಹುಡಿ ಕಲಸಿ ತುಂಬಿ, ಮೇಲೆ ಬಣ್ಣ ಹೊಡೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ನೀನು ದೊಣ್ಣೆಯನ್ನು ಕೇಳಿಕೊಂಡು ಮಡಕೆ ಮಾಡುತ್ತಿದ್ದೀಯ. ಆಗಲಿ, ಹೊಸ ಕಾಲ.

ಆದರೆ ಬಾಗಿಲು ಮಾಡಿಸಲು ಯಾರೇ ಬಂದರೂ ನಾನು ಮೊದಲು ಏನು ಕೇಳುತ್ತೇನೆಂದು ನಿನಗೆ ಗೊತ್ತು. ಮನೆಯಲ್ಲಿ ಯಾರ್ಯಾರಿದ್ದಾರೆ? ಮುದುಕರಿದ್ದರೆ ಹಿಡಿ ಕೆಳಗೆ, ಮಕ್ಕಳಿದ್ದರೆ ಚಿಲಕ ಮೇಲೆ. ನಿನ್ನ ಬಾಗಿಲ ಹಿಂದೆ ಯಾರಿದ್ದಾರೆ? ಒಡೆಯುವವರು ಒಳಗಿನವರೋ ಹೊರಗಿನವರೋ? "ಒಂದು ಕುಟುಂಬ" ಅಂದರೆ ಅಳತೆ ಕೊಟ್ಟ ಹಾಗಾಗಲಿಲ್ಲ.

ಸಿನಿಮಾ ಬಂದ ಮೊದಲ ದಿನವೇ ನೋಡುತ್ತೇನೆಂದು ಇಡೀ ಬೀದಿಗೆ ಹೇಳಿಯಾಗಿದೆ. ಮೂಲೆಯ ಕ್ಷೌರದವನು ಅಂಗಡಿ ಮುಚ್ಚಿ ಬರುತ್ತಾನಂತೆ.

ಇಲ್ಲಿ ಎಲ್ಲರೂ ಕ್ಷೇಮ, ಎಲ್ಲರೂ ಅಂದರೆ ನಾವಿಬ್ಬರು,
ಅಪ್ಪ

ಮಾರ್ಚ್ 28

ಅಪ್ಪಾ,

ಮೂರನೇ ಏಟಿಗೇ ಸೀಳಿತು. ಬಡಗಿಗಳೆಲ್ಲ ಚಪ್ಪಾಳೆ ತಟ್ಟಿದರು. ಎರಡು ಬೆರಳಗಲದ ಗುಟ್ಟು ಯಾರಿಗೂ ಹೇಳಿಲ್ಲ.

ಅಮ್ಮನಿಗೆ: ಬೆಳಿಗ್ಗೆ ಬ್ರೆಡ್ಡು ಮೊಟ್ಟೆ, ಮಧ್ಯಾಹ್ನ ಅನ್ನ, ಸಂಜೆ ಬೆಳಗಿನ ಬ್ರೆಡ್ಡು. ತಂದೆಯ ಪಾತ್ರ ಮಾಡುವ ನಟರು ತುಂಬ ಮೆದು ಮನುಷ್ಯ. ಎಲ್ಲರನ್ನೂ ಹೆದರಿಸುವ ದೃಶ್ಯ ಮುಗಿಸಿ ಬಂದು, ಎಲ್ಲರಿಗೂ ತಾವೇ ಚಹಾ ಹಂಚುತ್ತಾರೆ. ಅವರಿಗೆ ಉಳಿ ಹಿಡಿಯುವುದನ್ನು ನಾನೇ ಕಲಿಸುತ್ತಿದ್ದೇನೆ. ಹೆಬ್ಬೆರಳಿಗೆ ಆಗಲೇ ಎರಡು ಪಟ್ಟಿ ಬಿದ್ದಿದೆ.

ಬಾಗಿಲು ಒಡೆಯುವವರು ಹೊರಗಿನವರು.

ಚಕ್ಕೆ

ಏಪ್ರಿಲ್ 9

ಚಕ್ಕೆ,

ನಿನ್ನ ಕಾಗದದಲ್ಲಿ ಬ್ರೆಡ್ಡಿದೆ, ಮೊಟ್ಟೆಯಿದೆ, ಪರರ ಹೆಬ್ಬೆರಳಿದೆ. ನಾನು ಕೇಳಿದ್ದು ಮಾತ್ರ ಇಲ್ಲ. ಸಿನಿಮಾದ ತಂದೆ ಉಳಿ ಹಿಡಿಯುವುದನ್ನು ಯಾಕೆ ಕಲಿಯಬೇಕು? ಅವನೂ ಬಡಗಿಯೇ?

ಚಿಕ್ಕವಳಿದ್ದಾಗ ನೀನು ಉಳಿಯ ಬಾಯಿ ಮುಕ್ಕಾಗಿಸಿದರೆ ಹೇಳುತ್ತಿರಲಿಲ್ಲ, ಪೆಟ್ಟಿಗೆಯ ತಳದಲ್ಲಿ ಬಚ್ಚಿಡುತ್ತಿದ್ದೆ. ಎರಡನೇ ದಿನ ನಿನಗೇ ತಡೆಯುತ್ತಿರಲಿಲ್ಲ. ಇದು ಎಷ್ಟನೇ ದಿನ?

ಕಾಯುತ್ತಾ,
ಅಪ್ಪ

ಏಪ್ರಿಲ್ 24

ಅಪ್ಪಾ,

ನಾಲ್ಕು ಹಾಳೆ ಹರಿದು ಹಾಕಿದೆ, ಇದು ಐದನೆಯದು. ಕಥೆ ನಮ್ಮದು.

ಹಿಂದಿನ ಸಿನಿಮಾದ ಕೆಲಸದಲ್ಲಿ ಒಂದು ಮಧ್ಯಾಹ್ನ ಚಹಾ ಕುಡಿಯುತ್ತಾ ಎಲ್ಲರೂ ಮನೆ ಕಡೆಯ ತಮಾಷೆ ಹೇಳುತ್ತಿದ್ದರು. ನಾನೂ ಬಾಯಿ ಬಿಟ್ಟೆ. ನನಗೆ ಎಂಟು ವರ್ಷವಾಗಿದ್ದಾಗ ನಮ್ಮಪ್ಪನಿಗೆ ದೇವರ ಮಾತು ಕೇಳತೊಡಗಿತ್ತು, ದೇವರು ಮನೆಗೆ ಬರುತ್ತಾನೆ, ಮುಚ್ಚಿದ್ದು ಯಾವುದೂ ಅವನಿಗೆ ಆಗದು ಎಂದು ಮನೆಯ ಏಳು ಬಾಗಿಲನ್ನೂ ಕಳಚಿ ಹಿತ್ತಲಲ್ಲಿ ಒರಗಿಸಿದ್ದರು ಎಂದೆ. ನಾಲ್ಕು ತಿಂಗಳು ಬಾಗಿಲಿಲ್ಲದೆ ಬದುಕಿದೆವು ಎಂದೆ. ಬಚ್ಚಲಿಗೆ ಅಮ್ಮ ಹೊದಿಕೆ ಕಟ್ಟಿದಾಗ ನೀವು ಅದನ್ನೂ ತೆಗೆಯಲು ಹೋದದ್ದು, ಅಜ್ಜಿ "ದೇವರಿಗೆ ಬಚ್ಚಲಲ್ಲಿ ಏನೋ ಕೆಲಸ?" ಎಂದು ನಿಮ್ಮನ್ನು ಗದರಿಸಿದ್ದು ಹೇಳಿದೆ. ಬೀದಿಯವರು ಕೇಳಿದರೆ "ಬಾಗಿಲಿಗೆ ಗೆದ್ದಲು ಹತ್ತಿದೆ, ಔಷಧಿ ಹೊಡೆದು ಒಣಗಲು ಇಟ್ಟಿದ್ದೇವೆ" ಎಂದು ಹೇಳಲು ಅಮ್ಮ ನನಗೂ ಕಲಿಸಿದ್ದಳು, ಅದನ್ನೂ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿರ್ದೇಶಕಿ ನಗಲಿಲ್ಲ. ವರ್ಷ ಕಳೆದು ಕಥೆ ಬರೆದುಕೊಂಡು ಬಂದು, ಇದು ನಿಮ್ಮದು, ತೆಗೆಯಲೇ ಎಂದು ಕೇಳಿದರು.

ನಾನು ಹೂಂ ಅಂದೆ. ನನ್ನ ಬಾಯಿಂದ ಬಿದ್ದದ್ದು ಸಿನಿಮಾ ಆಗುತ್ತದಲ್ಲ ಎಂಬ ಹೆಮ್ಮೆ ಅಪ್ಪಾ, ಅದೇ ನಿಜ. ನಿಮ್ಮನ್ನು ಕೇಳಬೇಕಿತ್ತು ಎಂಬುದು ಆಮೇಲೆ ಹೊಳೆಯಿತು.

ಸಿನಿಮಾದಲ್ಲಿ ಅವನು ಬಡಗಿಯೇ. ಬಾಗಿಲು ಕಳಚುತ್ತಾನೆ. ಹೆಂಡತಿ, ತಾಯಿ, ಮಗಳು ಮೂವರೂ ಮೆಲ್ಲಗೆ ಅವನ ದೇವರನ್ನು ನಂಬತೊಡಗುತ್ತಾರೆ. ಕೊನೆಗೆ ದೇವರ ಅಪ್ಪಣೆಯೆಂದು ಎಲ್ಲರನ್ನೂ ಒಳಗಿಟ್ಟು, ಮುಂಬಾಗಿಲೊಂದನ್ನು ಮತ್ತೆ ಕೂರಿಸಿ ಮೊಳೆ ಹೊಡೆದು, ಮನೆಗೆ ಬೆಂಕಿ ಇಡುತ್ತಾನೆ. ಪಕ್ಕದ ಮನೆಯವನು ಕೊಡಲಿ ತರುವಷ್ಟರಲ್ಲಿ ತಡವಾಗಿರುತ್ತದೆ. ಒಳಗೆ ನಾಲ್ವರೂ ಕೈ ಕೈ ಹಿಡಿದು ಕುಳಿತಿರುತ್ತಾರೆ. ನೀವು ನನಗೆ ಕಲಿಸಿದ್ದು ಆ ಬಾಗಿಲು.

ಬಾಗಿಲು ಕಳಚುವ ದೃಶ್ಯಗಳನ್ನು ಜೂನ್ ಮಧ್ಯದಲ್ಲಿ ತೆಗೆಯುತ್ತಾರೆ. ನೀವು ಬೇಡ ಅಂದರೆ ಅದನ್ನು ಬಿಟ್ಟು ಬೇರೆ ಬರೆಯುತ್ತೇನೆಂದು ನಿರ್ದೇಶಕಿ ಮಾತು ಕೊಟ್ಟಿದ್ದಾರೆ. ಬೇಡ ಅನ್ನಿ, ನನಗೆ ಬೇಜಾರಿಲ್ಲ. ನನ್ನ ಹೆದರಿಕೆ ಸಿನಿಮಾದ್ದಲ್ಲ. ಇನ್ನು ಮುಂದೆ ನೀವು ನನ್ನ ಹತ್ತಿರ ಮರದ ಮಾತು ಬಿಟ್ಟು ಬೇರೇನೂ ಆಡದೆ ಹೋದರೆ ನಾನೇನು ಮಾಡಲಿ?

ತಪ್ಪು ಮಾಡಿದ,
ಚಕ್ಕೆ

ಮೇ 17

ಮಗಳೇ,

ನಿಮ್ಮಪ್ಪ ಬರೆಯಲಿಲ್ಲವೆಂದು ನಾನು ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿದರು. ಮಡಚಿ ಕನ್ನಡಕದ ಡಬ್ಬಿಯಲ್ಲಿಟ್ಟರು. ಅಂದಿನಿಂದ ಕನ್ನಡಕ ಹೊರಗೆ ಬಿದ್ದಿರುತ್ತದೆ, ನಾನು ಎರಡು ಸಲ ಅದರ ಮೇಲೆ ಕುಳಿತಿದ್ದೇನೆ.

ನಿನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ನಿಶ್ಚಿಂತೆಯಾಗಿರುತ್ತಿದ್ದೆ. ಊಟ ಮಾಡುತ್ತಾರೆ, ಕೆಲಸಕ್ಕೆ ಕೂರುತ್ತಾರೆ, ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ನಾನೇ ಎಣಿಸಿ ನೋಡಿದೆ. ಮಾತು ಮಾತ್ರ ಕಡಿಮೆ. ಮೊನ್ನೆ ಕ್ಷೌರದವನು "ಮಗಳ ಸಿನಿಮಾ ಎಲ್ಲಿಗೆ ಬಂತು?" ಎಂದು ಕೇಳಿದರೆ, "ಕಿವಿ ಹತ್ತಿರ ಹುಷಾರು" ಅಂದರಂತೆ.

ಆ ದಿನಗಳ ಮಾತನ್ನು ಈ ಮನೆಯಲ್ಲಿ ಇಪ್ಪತ್ತಮೂರು ವರ್ಷದಿಂದ ಯಾರೂ ಎತ್ತಿಲ್ಲ. ಊರ ಬಾಯಿಗೆ ಬೀಗ ಹಾಕಲು ನಾನು ಗೆದ್ದಲಿನ ಕಥೆ ಕಟ್ಟಿದೆ. ಆ ಬೀಗ ನಮ್ಮ ಬಾಯಿಗೂ ಬಿತ್ತು. ಗ್ರಂಥಾಲಯದಲ್ಲಿ ದಿನವಿಡೀ ಹರಿದ ಪುಸ್ತಕಗಳಿಗೆ ಅಂಟು ಹಚ್ಚಿ ಕೂರುವವಳು ನಾನು. ಹಾಳೆಯೊಂದು ಕಳೆದುಹೋಗಿದ್ದರೆ ಉಳಿದದ್ದನ್ನು ಹೊಲಿದು ಸುಮ್ಮನಾಗುತ್ತೇವೆ. ಮನೆಯಲ್ಲೂ ಹಾಗೇ ಮಾಡಿಬಿಟ್ಟೆವೇನೋ.

ಸ್ವಲ್ಪ ತಡೆದುಕೋ. ಬ್ರೆಡ್ಡು ತಿಂದು ಬದುಕಬೇಡ.

ಅಮ್ಮ

ಜೂನ್ 3

ಚಕ್ಕೆ,

ಹೌದು, ಸಿಟ್ಟು ಬಂದಿತ್ತು. ಸುಳ್ಳು ಯಾಕೆ ಹೇಳಲಿ. ನನ್ನನ್ನು ಇಟ್ಟುಕೊಂಡು ನಾಲ್ಕು ಜನರನ್ನು ನಗಿಸಿದಳಲ್ಲ ಅಂತ ಮೊದಲು, ನನ್ನ ಕೈಯಲ್ಲಿ ಬೆಂಕಿಕಡ್ಡಿ ಕೊಟ್ಟಳಲ್ಲ ಅಂತ ಆಮೇಲೆ. ಐದು ವಾರ ಅದನ್ನೇ ಕೀಸಿದೆ. ಕೀಸಿ ಕೀಸಿ ತೆಳ್ಳಗಾಯಿತು.

ಮೊನ್ನೆ ಮತ್ತೆ ಓದುವಾಗ ಗೆದ್ದಲಿನ ಸಾಲಿಗೆ ಬಂದು ನಿಂತೆ. ಮೊದಲ ಸಲ ಸಿಟ್ಟಿನಲ್ಲಿ ಕಣ್ಣು ಅದನ್ನು ದಾಟಿತ್ತು. ನೀವು ಹಾಗೆ ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ ಕಣೆ. ಬಡಗಿಯ ಮನೆ ಬಾಗಿಲಿಗೇ ಗೆದ್ದಲು ಅಂತ ನೀವೇ ಊರಿಗೆಲ್ಲ ಸಾರಿದರೆ, ಬಾಗಿಲು ಮಾಡಿಸಲು ಯಾವನು ಬರುತ್ತಾನೆ? ವಾಸಿಯಾಗಿ ಬಂದ ಮೇಲೂ ಎರಡು ವರ್ಷ ಒಂದೇ ಒಂದು ಬಾಗಿಲ ಕೆಲಸ ಬರಲಿಲ್ಲ, ಬರೀ ಸ್ಟೂಲು, ಕಪಾಟು. ಆಸ್ಪತ್ರೆಗೆ ಹೋಗಿ ಮಾತ್ರೆ ನುಂಗಿದ್ದಕ್ಕೆ ದೇವರ ಸಿಟ್ಟು ಅದು ಅಂತ ನಾನು ಇಷ್ಟು ವರ್ಷ ಒಳಗೊಳಗೇ ತಿಳಿದಿದ್ದೆ. ನಿಮ್ಮಮ್ಮನನ್ನು ಕರೆದು ಕೇಳಿದೆ. "ಹುಚ್ಚು ಅನ್ನೋ ಬದಲು ಗೆದ್ದಲು ಅಂದೆ. ಯಾವುದು ವಾಸಿ, ನೀವೇ ಹೇಳಿ" ಅಂದಳು. ಇಬ್ಬರೂ ನಕ್ಕೆವು. ಅವಳಿಗೆ ಕಣ್ಣಲ್ಲಿ ನೀರು ಬಂತು. ನನಗೂ.

ಈಗ ನಿನ್ನ ಸಿನಿಮಾ. ಅದರಲ್ಲೊಂದು ತಪ್ಪಿದೆ. ಹೆಂಡತಿ ಮಕ್ಕಳು ಅವನನ್ನು ನಂಬಿದರು ಅಂತ ಬರೆದಿದ್ದೀಯ. ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ. ನಿಮ್ಮಮ್ಮ ಒಂದು ದಿನವೂ ನಂಬಲಿಲ್ಲ. "ದೇವರು ಬರೋದಿದ್ರೆ ಕಿಟಕಿಯಿಂದ ಬರ್ಲಿ, ಚಳಿ" ಅನ್ನುತ್ತಿದ್ದಳು. ಆದರೂ ಬಾಗಿಲಿಲ್ಲದ ಹೊಸ್ತಿಲ ಹತ್ತಿರ ಕುಳಿತು ಬಟಾಣಿ ಸುಲಿಯುತ್ತಾ ಮನೆ ಕಾಯುತ್ತಿದ್ದಳು.

ಇನ್ನೊಂದು. ನೀನು ಕೇಳಲಾರದೆ ಬಿಟ್ಟ ಪ್ರಶ್ನೆ ಯಾವುದೆಂದು ನನಗೆ ಗೊತ್ತು. ನಿಮ್ಮನ್ನು ಏನಾದರೂ ಮಾಡು ಅಂತ ಆ ದನಿ ಎಂದೂ ಹೇಳಲಿಲ್ಲ. ಕೊನೆಗೆ ಅದು ಹೇಳಿದ್ದು, ಎಲ್ಲ ಬಿಟ್ಟು ಹೊರಡು ಅಂತ. ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬರಿಗೈಯಲ್ಲಿ ಎದ್ದೆ. "ದೇವರ ಅಪ್ಪಣೆಯಾಗಿದೆ, ಹೋಗ್ತೀನಿ" ಅಂದೆ. ನಿಮ್ಮಮ್ಮ ಅಳಲಿಲ್ಲ, ಅಡ್ಡ ಬರಲಿಲ್ಲ. "ನಿಲ್ಲಿ, ನಾವೂ ಬರ್ತೀವಿ, ಮಗುಗೆ ಚಪ್ಪಲಿ ಹಾಕ್ತೀನಿ" ಅಂದಳು. ನನ್ನ ಹಿಂದೆ ಅವಳು, ನೀನು, ಕೊಡೆ ಹಿಡಿದ ನಿನ್ನ ಅಜ್ಜಿ. ಮೂರು ದಾರಿ ಕೂಡುವಲ್ಲಿಗೆ ಬಂದಾಗ ದನಿ ನಿಂತುಹೋಯಿತು. ಯಾವ ಕಡೆ ಅಂತ ಹೇಳಲೇ ಇಲ್ಲ. ನಾನು ನಿಂತೆ. "ಎಡಕ್ಕೆ ಹೋಗೋಣ" ಅಂದಳು ನಿಮ್ಮಮ್ಮ. ಸ್ವಲ್ಪ ದೂರ ಹೋದ ಮೇಲೆ ಅಜ್ಜಿ ಕಾಲು ನೋವು ಅಂತ ಒಂದು ಗೇಟಿನ ಕಟ್ಟೆ ಮೇಲೆ ಕುಳಿತಳು. ಅದು ಆಸ್ಪತ್ರೆ. ಒಳಗಿಂದ ಬಂದ ನರ್ಸು "ಯಾರಿಗೆ ಹುಷಾರಿಲ್ಲ?" ಎಂದು ಕೇಳಿದಳು. ಯಾಕೋ ನಾನೇ ಕೈ ಎತ್ತಿದೆ.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬಾ ಅಂತ ಎಳೆದಿದ್ದರೆ ಆಸ್ಪತ್ರೆಗೆ ನಾನು ಬರುತ್ತಿರಲಿಲ್ಲ. ನನ್ನ ದೇವರ ಹಿಂದೆಯೇ ನಡೆದು ನನ್ನನ್ನು ಅಲ್ಲಿಗೆ ಮುಟ್ಟಿಸಿದಳು. ಅಂಥ ಜಾಣೆ ನಿಮ್ಮಮ್ಮ. ನಿನ್ನೆ ಕ್ಷೌರದವನಿಗೂ ಎಲ್ಲ ಹೇಳಿದೆ, ಗೆದ್ದಲು ಸಮೇತ.

ದೃಶ್ಯ ತೆಗೆಯಲಿ. ಬಾಗಿಲು ಕಳಚುವಾಗ ಕೆಳಗಿನ ಕೀಲಿನ ಸ್ಕ್ರೂ ಮೊದಲು, ಮೇಲಿನದು ಕೊನೆಗೆ, ಇಲ್ಲದಿದ್ದರೆ ಬಾಗಿಲು ಮೈಮೇಲೆ ಬರುತ್ತದೆ. ಹುಚ್ಚು ಹಿಡಿದರೂ ಬಡಗಿ ಅದನ್ನು ಮರೆಯುವುದಿಲ್ಲ. ಆ ನಟರಿಗೆ ಹೇಳು.

ಮರದ ಮಾತನ್ನೂ ಬೇರೆ ಮಾತನ್ನೂ ಆಡುವ,
ಅಪ್ಪ

ಜುಲೈ 2

ಅಪ್ಪಾ,

ನಿಮ್ಮ ಕಾಗದವನ್ನು ಗರಗಸದ ಹೊಟ್ಟಿನ ರಾಶಿಯ ಹಿಂದೆ ಕುಳಿತು ಓದಿದೆ. ಅತ್ತು ಎದ್ದಾಗ ಮುಖಕ್ಕೆಲ್ಲ ಮರದ ಹುಡಿ ಮೆತ್ತಿಕೊಂಡಿತ್ತು, ಎಲ್ಲರೂ ನಕ್ಕರು. ನಾನೂ ನಕ್ಕೆ. ಎಷ್ಟು ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ ಗೊತ್ತೇ.

ಆ ಭಾನುವಾರ ನನಗೆ ಚೆನ್ನಾಗಿ ನೆನಪಿದೆ, ಆದರೆ ಬೇರೆಯೇ ಆಗಿ. ನಾವೆಲ್ಲ ಸುತ್ತಾಡಲು ಹೋಗಿದ್ದೆವು ಎಂದುಕೊಂಡಿದ್ದೆ. ಅಜ್ಜಿ ಬನ್ನು ಕೊಡಿಸಿದ್ದಳು. ಉದ್ದದ ಬಿಳಿ ಕೋಣೆಯಲ್ಲಿ ಬೆಂಚಿನ ಮೇಲೆ ಕಾಲು ಆಡಿಸುತ್ತಾ ತಿಂದೆ. ನಾವು ಒಟ್ಟಿಗೆ ಹೋದ ಅತ್ಯಂತ ಒಳ್ಳೆಯ ತಿರುಗಾಟ ಅದೆಂದು ಶಾಲೆಯಲ್ಲಿ ಪ್ರಬಂಧವನ್ನೂ ಬರೆದಿದ್ದೆ.

ನಿಮ್ಮ ತಿದ್ದುಪಡಿಯನ್ನು ನಿರ್ದೇಶಕಿಗೆ ಹೇಳಿದೆ. ಎರಡು ದಿನ ಚಿತ್ರೀಕರಣ ನಿಲ್ಲಿಸಿ ಹೆಂಡತಿಯ ಪಾತ್ರವನ್ನು ಪೂರ್ತಿ ಬದಲಾಯಿಸಿದರು. ಈಗ ಅವಳು ನಂಬುವುದಿಲ್ಲ, ಗಂಡನನ್ನು ಹಾಸ್ಯ ಮಾಡುತ್ತಾಳೆ, ಜಗಳವಾಡುತ್ತಾಳೆ. ಆದರೂ ಕೊನೆಗೆ ಒಳಗೇ ಉಳಿಯುತ್ತಾಳೆ, ಮಗಳ ಕೈ ಹಿಡಿದುಕೊಂಡು. ನಂಬಿಕೆಗಿಂತ ಇದು ಹೆಚ್ಚು ಭಯ ಹುಟ್ಟಿಸುತ್ತದೆ ಎನ್ನುತ್ತಾರೆ. ಸ್ಕ್ರೂ ಕೆಳಗಿನಿಂದಲೇ ಬಿಚ್ಚಿದರು.

ಬದುಕಿಕೊಂಡ,
ಚಕ್ಕೆ

ನವೆಂಬರ್ 16

ಚಕ್ಕೆ,

ಸಿನಿಮಾ ನೋಡಿದೆವು. ಕ್ಷೌರದವನು ಅರ್ಧದಲ್ಲಿ ಎದ್ದು ಹೊರಗೆ ಹೋದ, ತಲೆನೋವಂತೆ. ನಾನು ಹೆದರಲಿಲ್ಲ. ಸಿನಿಮಾದ ಆ ಬಡಗಿಯನ್ನು ನೋಡಿ ಪಾಪ ಅನ್ನಿಸಿತು, ಅಷ್ಟೇ. ಅವನಿಗೆ ಯಾರೂ ಎಡಕ್ಕೆ ತಿರುಗು ಅನ್ನಲಿಲ್ಲ. ಬಾಗಿಲು ಚೆನ್ನಾಗಿ ಸೀಳಿತು. ಕೊನೆಗೆ ಹೆಸರುಗಳು ಬರುವಾಗ ನಿನ್ನದು ಬಂದ ಕೂಡಲೇ ನಾನು ಎದ್ದು ನಿಂತೆ, ಹಿಂದಿನವರು "ಕೂತ್ಕೊಳ್ಳಿ ಸ್ವಾಮಿ" ಅಂದರು.

ನಿಮ್ಮಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಕಾಲು ನೋವಿರಬೇಕು.

ತೃಪ್ತನಾದ,
ಅಪ್ಪ

ನವೆಂಬರ್ 25

ಅಮ್ಮಾ,

ಫೋನು ಕೈಗೆ ಬಂದು ತಿಂಗಳುಗಳಾದರೂ ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ಕೇಳಿದರೆ ಅಪ್ಪ ಪಕ್ಕದಲ್ಲೇ ಇರುತ್ತಾರೆ. ನಿನಗೆ ಸಿನಿಮಾ ಇಷ್ಟವಾಗಲಿಲ್ಲವೇ?

ನೋಡಿದವರೆಲ್ಲ ಆ ಹೆಂಡತಿಯ ಬಗ್ಗೆಯೇ ಜಗಳವಾಡುತ್ತಿದ್ದಾರೆ. ನಂಬದವಳು ಓಡಿಹೋಗುತ್ತಾಳೆ, ಮಗುವನ್ನು ಹಿಡಿದುಕೊಂಡು ಒಳಗೆ ಕೂರುವುದು ಸಾಧ್ಯವೇ ಇಲ್ಲ ಅಂತ. ನಾನು ನಿನ್ನನ್ನೇ ಉದಾಹರಣೆ ಕೊಡುತ್ತೇನೆ: ನಮ್ಮಮ್ಮ ಓಡಲಿಲ್ಲ, ಜೊತೆಗೇ ನಡೆದು ಉಪಾಯದಿಂದ ಆಸ್ಪತ್ರೆಗೆ ಮುಟ್ಟಿಸಿದಳು ಅಂತ. ಎಡಕ್ಕೆ ತಿರುಗಬೇಕು ಅಂತ ಆ ಗಳಿಗೆಯಲ್ಲಿ ನಿನಗೆ ಹೇಗೆ ಹೊಳೆಯಿತು?

ನಿನ್ನ,
ಚಕ್ಕೆ

ಡಿಸೆಂಬರ್ 4

ಮಗಳೇ,

ಸಿನಿಮಾ ಇಷ್ಟವಾಯಿತು. ಮಾತು ಬರಲಿಲ್ಲ, ಅಷ್ಟೇ. ಕೊನೆಯಲ್ಲಿ ಆ ಹೆಂಗಸು ಒಳಗೆ ಕುಳಿತಳಲ್ಲ, ಸುತ್ತಲಿನವರೆಲ್ಲ "ಅಯ್ಯೋ, ಏಳು, ಏಳು" ಎನ್ನುತ್ತಿದ್ದರು. ಅವಳು ಏಳುವುದಿಲ್ಲ ಅಂತ ನನಗೆ ಗೊತ್ತಿತ್ತು.

ಎಡಕ್ಕೆ ಎಂದದ್ದು ನೆರಳಿತ್ತು ಅಂತ. ಬಲಗಡೆಯ ರಸ್ತೆಯಲ್ಲಿ ಸುಡುವ ಬಿಸಿಲು, ನಿನ್ನ ತಲೆಗೆ ಟೋಪಿ ಹಾಕಿರಲಿಲ್ಲ. ಅಲ್ಲೊಂದು ಆಸ್ಪತ್ರೆಯಿದೆ ಅಂತ ನನಗೆ ಗೊತ್ತಿರಲಿಲ್ಲ. ನಿಮ್ಮಜ್ಜಿಗೂ ಗೊತ್ತಿರಲಿಲ್ಲ, ಅತ್ತೆಗೆ ನಿಜವಾಗಿ ಕಾಲು ನೋವಿತ್ತು.

ಮನೆ ಬಿಡುವಾಗ ನಾನು ಒಲೆ ಆರಿಸಿದೆ. ನಲ್ಲಿ ಬಿಗಿ ಮಾಡಿದೆ. ನಿನ್ನ ಶಾಲೆಯ ಕಾಗದಗಳನ್ನೂ ನಮ್ಮಿಬ್ಬರಿಗೆ ಎರಡೆರಡು ಜೊತೆ ಬಟ್ಟೆಯನ್ನೂ ಚೀಲಕ್ಕೆ ಹಾಕಿಕೊಂಡೆ. ತಿರುಗಿ ಬರುವ ಮನಸ್ಸಿದ್ದವಳು ಅದನ್ನೆಲ್ಲ ಯಾಕೆ ಹೊರುತ್ತಾಳೆ? ಅವರ ದೇವರನ್ನು ನಾನು ನಂಬಲಿಲ್ಲ, ಅದು ನಿಜ. ಆದರೆ ಅವರು ಹೊರಟರು, ನಾನೂ ಹೊರಟೆ. ಎಲ್ಲಿಗೆ ಅಂತ ಕೇಳಲಿಲ್ಲ. ಅತ್ತೆ ಆ ಕಟ್ಟೆಯ ಮೇಲೆ ಕೂರದಿದ್ದರೆ ನಡೆಯುತ್ತಲೇ ಇರುತ್ತಿದ್ದೆ, ನಿನ್ನ ಕೈ ಹಿಡಿದುಕೊಂಡೇ. ಎಲ್ಲಿ ನಿಲ್ಲುತ್ತಿದ್ದೆ ಎಂದು ನನಗೆ ಇಂದಿಗೂ ತಿಳಿಯದು. ನಿನ್ನನ್ನು ಹೆತ್ತವಳಾಗಿ ನಾನು ಹಾಗೆ ಮಾಡಬಾರದಿತ್ತು. ಈ ಮಾತನ್ನು ನಿನಗೆ ಹೇಳಬೇಕೆಂದು ಇಪ್ಪತ್ತಮೂರು ವರ್ಷ ಕಾದಿದ್ದೆ. ಹೇಳಿದೆ, ಈಗ ಹಗುರವಾಗಿದೆ.

ನಾವು ಚೆನ್ನಾಗಿದ್ದೇವೆ. ಮುಂದಿನ ವಾರ ರಜೆ ಹಾಕಿ ಬಾ.

ಇದೊಂದನ್ನು ನಿಮ್ಮಪ್ಪನಿಗೆ ಹೇಳಬೇಡ. ಎಂಥ ಜಾಣೆಯನ್ನು ಕಟ್ಟಿಕೊಂಡೆ ಅಂತ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಈಗ ಅವರಿಗೆ ಉಳಿದಿರುವ ನಂಬಿಕೆ ಅದೊಂದೇ, ಅದನ್ನು ನಾನು ಕೆಡಿಸಲಾರೆ.

ನಿನ್ನ,
ಅಮ್ಮ